ಅತ್ತೆ ಹುಡುಕಿಸಿದ ತವರು

ಮೊನ್ನೆ ಸೊಸೆ ಕುಶಾಲನಗರದ ಸಂತೆಯಿಂದ ಹೊಸ ಮೊರ ತಂದಳು. ಹಸಿ ಬಿದಿರಿನ ವಾಸನೆ, ಅದರ ಮೇಲೆ ಬಳಿದ ಅರಿಸಿನದ ಘಾಟು... ಮೂಗಿಗೆ ಬಡಿದದ್ದೇ ತಡ, ನನ್ನ ಅತ್ತೆ ನೆನಪಾದರು. ಇಷ್ಟು ವರ್ಷದ ಮೇಲೂ ಸಣ್ಣಗೆ ರೇಗಿತು.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನು ಹೊಸ ಸೊಸೆ. ಅತ್ತೆ ಹುಟ್ಟಿದ್ದು ಹಾಸನದ ಸೀಮೆಯಲ್ಲಿ. ಪ್ಲೇಗ್ ಬಂದು ಮನೆಯವರೆಲ್ಲ ಚೆಲ್ಲಾಪಿಲ್ಲಿಯಾದಾಗ, ತೀರಾ ಚಿಕ್ಕವರಿದ್ದ ಅವರನ್ನು ಯಾರೋ ಗುರುತಿನವರು ಗಾಡಿಯಲ್ಲಿ ಕೂರಿಸಿಕೊಂಡು ಈ ಕಡೆ ಬಂದು ಸಾಕಿದರಂತೆ. ಊರಿನ ಹೆಸರೂ ಅವರಿಗೆ ನೆನಪಿರಲಿಲ್ಲ. ಗೌರಿ ಹಬ್ಬಕ್ಕೆ ಓರಗಿತ್ತಿಯರಿಗೆಲ್ಲ ತವರಿನಿಂದ ಬಾಗಿನದ ಮೊರ ಬರುತ್ತಿತ್ತು. ಅವರಿಗೆ ಬರುತ್ತಿರಲಿಲ್ಲ.

ಅದಕ್ಕೇ ಸಿಕ್ಕಸಿಕ್ಕವರ ವಂಶವನ್ನೆಲ್ಲ ವಿಚಾರಿಸುತ್ತಿದ್ದರು. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ. ಮನೆದೇವರು ಯಾವುದು, ಅಜ್ಜಿ ಯಾವ ಊರಿನವಳು... ಎದುರಿನವರ ಅನ್ನ ತಣ್ಣಗಾದರೂ ಬಿಡರು. ಪಕ್ಕದಲ್ಲಿ ಕೂತ ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಸಾಲದ್ದಕ್ಕೆ ಮನೆಗೆ ಬಂದ ಮೇಲೆ ನನಗೆ ಪಾಠ.

"ಉತ್ತರಾನ ನೀನೇ ಅವ್ರ ಬಾಯಿಗೆ ಇಡಬ್ಯಾಡ ಕಣವ್ವ. ಗಂಡುಮಕ್ಕಳ ಹೆಸ್ರು ಎಲ್ರೂ ಹೇಳ್ತಾರೆ. ಹೆಣ್ಮಕ್ಕಳು ಎಲ್ಲೋದ್ರು ಅಂತ ಕೇಳು."

ಅವರ ಕಾಟ ತಾಳಲಾರದೆ ಕೇಳಿದೆ. ಸುಂಟಿಕೊಪ್ಪದ ಒಂದು ಮದುವೆಯಲ್ಲಿ ಅರಕಲಗೂಡು ಕಡೆಯ ಬೆಲ್ಲದ ವ್ಯಾಪಾರಿಯೊಬ್ಬನನ್ನು ನಾನೇ ಮಾತಿಗೆಳೆದೆ. ಆತ ಸ್ವಲ್ಪ ಯೋಚಿಸಿ, "ನಮ್ಮಪ್ಪನ ಕಿರೀ ತಂಗಿ ಒಬ್ಳು ಪ್ಲೇಗಿನಲ್ಲಿ ತಪ್ಪೋದ್ಲಂತೆ. ಯಾರದೋ ಗಾಡೀಲಿ ಕೊಡಗಿನ ಕಡೆ ಹೋದ್ಲು ಅಂತಾರೆ" ಎಂದ. ಗಾಡಿಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ! ಕಲಿತದ್ದು ಫಲಿಸಿದ ಅಂಥ ಖುಷಿ ನನಗೆ ಮತ್ತೆ ಯಾವುದರಲ್ಲೂ ಸಿಕ್ಕಿಲ್ಲ.

ಆ ಸಲದ ಗೌರಿ ಹಬ್ಬಕ್ಕೆ ಆತ ಬಾಗಿನ ಹೊತ್ತುಕೊಂಡು ಬಂದೇಬಿಟ್ಟ. ಅತ್ತೆ ಕಾಫಿ ಕೊಟ್ಟರು. ಮೊರ ಮುಟ್ಟಲಿಲ್ಲ.

"ನಿಮ್ಮಪ್ಪನ ಅಜ್ಜಿ ಹೆಸರೇನಪ್ಪ?"

ಆತನಿಗೆ ಗೊತ್ತಿರಲಿಲ್ಲ.

"ಹಂಗಾರೆ ತಿಳ್ಕೊಂಡು ಬಾ. ಬಾಗಿನ ಆಮೇಲೆ ತಗೋತೀನಿ."

ಆತ ಮುಖ ಚಿಕ್ಕದು ಮಾಡಿಕೊಂಡು ಮೊರ ಹೊತ್ತು ಹೊರಟ. ನನಗೆ ತಡೆಯಲಾಗಲಿಲ್ಲ. "ತವರೇ ಬಂದು ಬಾಗ್ಲಲ್ಲಿ ನಿಂತೈತೆ, ಇನ್ನೂ ಪರೀಕ್ಷೆ ಮಾಡ್ತೀರಲ್ಲ ಅತ್ತೆ!" ಎಂದು ಕೂಗಾಡಿದೆ.

"ಯಾರದೋ ತವರಿನ ಬಾಗಿನ ನಾನು ತಗೊಂಡ್ರೆ, ಅವ್ರ ಮಗಳು ಎಲ್ಲಾದ್ರೂ ಬದುಕಿದ್ರೆ ಅವಳಿಗೆ ಏನವ್ವ ಉಳೀತದೆ?" ಎಂದು ಒಳಗೆ ಹೋದರು. ಆ ಹಬ್ಬದಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಕೆಲವು ವಾರ ಕಳೆದು ಆತ ಮತ್ತೆ ಬಂದ. ಜತೆಯಲ್ಲಿ ಮುದುಕಿಯೊಬ್ಬಳು. ಆತನ ಸೋದರತ್ತೆಯಂತೆ. ಯಾವುದೋ ಹಳೇ ಮುನಿಸಿನಿಂದ ಹೋಗಿಬರುವುದು ನಿಂತು, ಮನೆಯವರೇ ಅವಳನ್ನು ಲೆಕ್ಕದಿಂದ ಬಿಟ್ಟಿದ್ದರು. ಮುತ್ತಜ್ಜಿಯ ಹೆಸರು ಕೇಳುತ್ತಾ ಅಲೆದಾಗ ಆತನಿಗೆ ಸಿಕ್ಕಿದ್ದಳು. ಬಸ್ಸಿಳಿದು ಬಂದವಳು ಅಂಗಳದಲ್ಲೇ ನಿಂತು ಅತ್ತೆಯನ್ನು ದಿಟ್ಟಿಸಿದಳು.

"ನಮ್ಮಜ್ಜಿ ಹೆಸ್ರು ದ್ಯಾವಮ್ಮ. ಅವಳ ಮಗ್ಗುಲಲ್ಲಿ ತಾನೇ ಮಲಗ್ಬೇಕು ಅಂತ ದಿನಾ ನನ್ನ ಜುಟ್ಟು ಹಿಡೀತಿದ್ಲು ಇವ್ಳು."

ಅತ್ತೆ ಯಾರಿಗೂ ಹೇಳದೆ ನೆನಪಿಟ್ಟುಕೊಂಡಿದ್ದ ಹೆಸರೂ ಅದೇ ಅಂತೆ. ಯಾರನ್ನೂ ಪ್ರಶ್ನೆ ಕೇಳದೆ ಬಿಡದ ನಮ್ಮತ್ತೆ ಅವತ್ತು ಏನೂ ಕೇಳಲಿಲ್ಲ. ಹೋಗಿ ಅಕ್ಕನ ಕಾಲ ಬಳಿ ಕೂತರು. ನಾನು ಅಡುಗೆಮನೆಗೆ ಓಡಿ ಬಾಯಿಗೆ ಸೆರಗು ಒತ್ತಿಕೊಂಡೆ.

ಅತ್ತೆ ತೀರಿಕೊಂಡಾಗ ತವರಿನವರು ತಂದ ಸೀರೆ ಹೊದ್ದುಕೊಂಡೇ ಹೋದರು.

ಈಗ ಮದುವೆಮನೆಗಳಲ್ಲಿ ಹುಡುಗರು ನನ್ನ ಸುತ್ತ ಕೂತು, ಯಾರಿಗೆ ಯಾರು ಏನಾಗಬೇಕು ಎಂದು ಕೇಳುತ್ತಾರೆ. ಹೇಳುತ್ತೇನೆ. ಎಷ್ಟೋ ಸಲ ತಪ್ಪೂ ಹೇಳುತ್ತಿರಬೇಕು. ಎಲ್ಲರೂ ತಲೆಯಾಡಿಸಿ ನಂಬಿಬಿಡುತ್ತಾರೆ. "ನಿಂಗ್ಯಾರು ಹೇಳಿದ್ರು?" ಎಂದು ಅತ್ತೆಯ ಹಾಗೆ ನಡುವೆ ಬಾಯಿ ಹಾಕುವ ಒಬ್ಬರೂ ಈಗ ಇಲ್ಲವಲ್ಲ, ಅದಕ್ಕೇ ನನಗೆ ಸಿಟ್ಟು.