ಕಂಬದ ಮೈಮೇಲಿನ ಮೂರು ಗೆರೆ

1998ರಲ್ಲಿ ನಾನು ಹಲಸೂರಿನ ಒಂದು ಸಣ್ಣ ಸೆಂಟ್ರಿಂಗ್ ಕಂಪನಿಯಲ್ಲಿ ಸೈಟ್ ಎಂಜಿನಿಯರ್ ಆಗಿದ್ದೆ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹಿಡಿದು ನಿಲ್ಲಿಸುವ ಅಚ್ಚು ಕಟ್ಟುವುದೇ ಸೆಂಟ್ರಿಂಗ್. ಕಂಪನಿ ಕಟ್ಟಿದ ರಾಜಣ್ಣ ವಿಮಾನಪುರದ ವಿಮಾನ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡಿ ಕೈ ಪಳಗಿಸಿಕೊಂಡವರು. ದುಂಡನೆಯ ಕಂಬಕ್ಕೆ ಸ್ಟೀಲ್ ಅಚ್ಚು ಮಾಡಬೇಕೆಂಬ ಒಂದೇ ಹಟಕ್ಕೆ ಕಾಯಂ ನೌಕರಿ ಬಿಟ್ಟಿದ್ದರು. ಅಲ್ಲಿಯವರೆಗೆ ನಾವು ಮರದ ಪಟ್ಟಿ ಜೋಡಿಸಿ ಕಂಬ ಎರೆಯುತ್ತಿದ್ದೆವು. ಏನೇ ಓರೆಕೋರೆ ಇದ್ದರೂ ಪ್ಲಾಸ್ಟರ್ ಮುಚ್ಚಿಹಾಕುತ್ತಿತ್ತು.

ಇಂದಿರಾನಗರದ ಆಫೀಸ್ ಕಟ್ಟಡವೊಂದಕ್ಕೆ ಪ್ಲಾಸ್ಟರ್ ಇಲ್ಲದ ಇಪ್ಪತ್ನಾಲ್ಕು ದುಂಡು ಕಂಬಗಳು ಬೇಕಾಗಿದ್ದವು. ಆರ್ಕಿಟೆಕ್ಟ್ ಮೇಡಂ ಹಾಕಿದ ಷರತ್ತು ಒಂದೇ: ಮೊದಲು ಒಂದು ಕಂಬ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಎಲ್ಲವೂ ನಮ್ಮದು, ಇಲ್ಲದಿದ್ದರೆ ಮುಂಬೈ ಕಂಪನಿಗೆ. ಕೈತಪ್ಪಿದರೆ ರಾಜಣ್ಣನವರ ಅಚ್ಚು ಶೆಡ್ಡಿನ ಮೂಲೆ ಸೇರುತ್ತಿತ್ತು.

ಎರಡು ಹೋಳಿನ ಆ ಅಚ್ಚು ಸೈಟಿಗೆ ಬಂದ ದಿನ ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊರಮೈಗೆ ಹೊಸ ಹಸಿರು ಪೇಂಟ್, ಅದರ ಮೇಲೆ ಕಂಪನಿಯ ಹೆಸರು. ಮರ್ಫಿ ಟೌನಿನ ಮುರುಗೇಶ್ ಮೇಸ್ತ್ರಿ ವಿಭೂತಿ, ಕುಂಕುಮ ಹಿಡಿದು ಬಂದರು. ಹೊಸ ಅಚ್ಚಿಗೆ ಪೂಜೆಯಾಗದೆ ಅವರು ಕಾಂಕ್ರೀಟ್ ಮುಟ್ಟುತ್ತಿರಲಿಲ್ಲ. ಪೇಂಟಿನ ಮೇಲೆ ಏನೂ ಹಚ್ಚಬೇಡಿ ಎಂದು ಗದರಿ ನಾನು ಸಿಮೆಂಟ್ ಎಣಿಸಲು ಹೋದೆ. ಬಂದು ನೋಡಿದಾಗ ಹೋಳುಗಳು ಕೂಡಿದ್ದವು, ಬೋಲ್ಟ್ ಬಿಗಿಯಾಗಿತ್ತು. ತೂಗುಗುಂಡು ಹಿಡಿದು ನೇರ ನೋಡಿ ಕಾಂಕ್ರೀಟ್ ತುಂಬಿಸಿದೆ.

ಮರುದಿನ ಮೇಡಂ ಎದುರಿಗೇ ಬೋಲ್ಟ್ ಬಿಚ್ಚಿದೆವು. ಮೊದಲ ಹೋಳು ಸರಿದಾಗ ನನಗೆ ಕುಣಿಯುವಷ್ಟು ಖುಷಿ. ಅಂಥ ನಯವಾದ ಕಾಂಕ್ರೀಟನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎರಡನೆಯ ಹೋಳು ಸರಿಯಿತು. ಕಣ್ಣೆತ್ತರದಲ್ಲಿ ಮೂರು ಬಿಳಿ ಗೆರೆ, ನಡುವೆ ಕೆಂಪು ಬೊಟ್ಟು. ನಾನು ಮೇಸ್ತ್ರಿಯ ಕಡೆ ತಿರುಗಿದೆ.

ಮುರುಗೇಶ್ ಮುಂದೆ ಬಂದರು. "ನಾನೇ ಮೇಡಂ ಇಟ್ಟಿದ್ದು. ಹೊರಗೆ ಬೇಡ ಅಂದ್ರು, ಒಳಗೆ ಇಟ್ಬಿಟ್ಟೆ."

ಉಜ್ಜಿ ತೆಗೆಸುತ್ತೇನೆ ಎಂದು ರಾಜಣ್ಣ ತೊದಲಿದರು. ಮೇಡಂ ಕನ್ನಡಕ ತೆಗೆದು, ಕಂಬಕ್ಕೆ ಮುಖ ತಾಗುವಷ್ಟು ಹತ್ತಿರ ಹೋಗಿ, ಆ ಗೆರೆಗಳ ಮೇಲೆ ಉಗುರು ಆಡಿಸಿದರು.

"ಬೆರಳಿನ ಗುರುತು ಕೂಡ ಹಂಗೇ ಅಚ್ಚಾಗಿದೆಯಲ್ರೀ. ಇಷ್ಟು ಸೂಕ್ಷ್ಮ ಹಿಡಿಯೋ ಅಚ್ಚು ಮುಂಬೈಯವರ ಹತ್ರಾನೂ ಇಲ್ಲ. ಉಳಿದಿದ್ದೆಲ್ಲ ನೀವೇ ಮಾಡಿ. ಪೂಜೆ ಮಾತ್ರ ಹೊರಗಿಟ್ಕೊಳ್ಳಿ."

ರಾಜಣ್ಣ ಅಲ್ಲೇ ಮರಳ ರಾಶಿಯ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ನಮ್ಮ ಕಂಪನಿ ನಿಜವಾಗಿ ಶುರುವಾದದ್ದು ಆ ಬೆಳಗ್ಗೆ. ಕೆ.ಆರ್. ಪುರಂ ಕಡೆಯ ದೊಡ್ಡ ಕೆಲಸಗಳೆಲ್ಲ ಆಮೇಲೆ ಬಂದವು.

ಎಲ್ಲರೂ ಮೇಸ್ತ್ರಿಯ ಬೆನ್ನು ತಟ್ಟಿ ನಗುತ್ತಿದ್ದಾಗ ನಾನು ಮಾತ್ರ ತಲೆ ತಗ್ಗಿಸಿದ್ದೆ. ಮೇಡಂ ಒಪ್ಪದಿದ್ದರೆ ತಪ್ಪೆಲ್ಲ ಮೇಸ್ತ್ರಿಯ ತಲೆಗೆ ಬರುತ್ತಿತ್ತು, ನಾನೂ ಸುಮ್ಮನಿರುತ್ತಿದ್ದೆನೇನೋ. ಹೊಸ ಸಾಧನ ತಂದವರು ಹಳೆಯ ರೂಢಿಗೂ ಒಂದು ಜಾಗ ತೋರಿಸಬೇಕು ಎಂಬುದನ್ನು ಈ ವೃತ್ತಿ ನನಗೆ ಅಂದೇ ಕಲಿಸಿತು. ಹೊರಗೆ ಬೇಡ ಎಂದವನು ನಾನು. ಮತ್ತೆಲ್ಲಿ ಎಂದು ಹೇಳದೆ ಹೋದವನೂ ನಾನೇ.