ಒಂದೇ ಕಂಬದ ಕೋಚ್

ಬೆಳಗಿನ ಐದೂವರೆ. ಬಸವೇಶ್ವರನಗರದ ಕಾಲೇಜೊಂದರ ಹಿಂದಿನ ಅಂಗಳದಲ್ಲಿ ಜಲಜಾ ಮೇಡಂ ಕಡ್ಡಿಪೊರಕೆ ಹಿಡಿದು ಹೊಂಗೆ ಹೂವು ಗುಡಿಸುತ್ತಿದ್ದಾರೆ. ರಾತ್ರಿಯಿಡೀ ಉದುರಿದ ಹೂವು ಸಿಮೆಂಟಿನ ಮೇಲೆ ಹಾಸಿಕೊಂಡಿದೆ. ನೋಡುವವರಿಗೇನೋ ಚೆಂದ, ಓಡುವವರು ಜಾರಿ ಬಿದ್ದು ಮಂಡಿ ಒಡೆದುಕೊಳ್ಳಬೇಕಷ್ಟೆ. "ಯಾವಳಾದ್ರೂ ಕಾಲು ಮುರ್ಕೊಂಡ್ರೆ ಅವ್ರಮ್ಮ ನನ್ನನ್ನೇ ಕೇಳೋದು, ಮರಾನ ಕೇಳಲ್ಲ" ಎನ್ನುತ್ತಾ ಕಸ ಮೂಲೆಗೆ ತಳ್ಳುತ್ತಾರೆ. ಆರು ಗಂಟೆಗೆ ಹುಡುಗಿಯರು ಬರತೊಡಗುತ್ತಾರೆ.

ಜಲಜಾ ಈ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಹೆಡ್ ಕೋಚ್. ಹಾಗೆಂದು ಅವರ ಕೈಕೆಳಗೆ ಬೇರೆ ಕೋಚ್ ಯಾರೂ ಇಲ್ಲ. ಚೆಂಡಿಗೆ ಗಾಳಿ ತುಂಬುವವರು, ಉಳುಕಿದ ಕಾಲಿಗೆ ಐಸ್ ಇಡುವವರು, ಮ್ಯಾಚಿಗೆ ಬಾಳೆಹಣ್ಣು ಹೊತ್ತೊಯ್ಯುವವರು ಎಲ್ಲ ಅವರೇ. ಮಂಡ್ಯದಲ್ಲಿ ಆಡಿ ಬೆಳೆದು, ಮದುವೆಯಾಗಿ ಈ ಕಡೆ ಬಂದವರು. ಇಪ್ಪತ್ತು ವರ್ಷ ದಾಟಿದರೂ ನೌಕರಿ ಇನ್ನೂ ತಾತ್ಕಾಲಿಕ. ಅದರ ಬಗ್ಗೆ ಕೇಳಿದರೆ ನಕ್ಕುಬಿಡುತ್ತಾರೆ. ಆಟದ ಕೋರ್ಟಿನ ಮಾತೆತ್ತಿದರೆ ಮಾತ್ರ ಮುಖ ಬಾಡುತ್ತದೆ.

ಯಾಕೆಂದರೆ ಇಲ್ಲಿರುವುದು ಅರ್ಧ ಕೋರ್ಟ್. ಆ ತುದಿಯ ರಿಂಗಿನ ಕಂಬ ಕಿತ್ತು ಕಾಲೇಜಿನವರು ಸ್ಕೂಟರ್ ಶೆಡ್ ಕಟ್ಟಿ ಹತ್ತು ವರ್ಷವಾಯಿತು. ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡೋಣ ಮೇಡಂ" ಎಂಬ ಉತ್ತರ ತಪ್ಪದೆ ಸಿಗುತ್ತದೆ. ಹೀಗಾಗಿ ಅಭ್ಯಾಸದಲ್ಲಿ ಎರಡೂ ಗುಂಪು ಒಂದೇ ರಿಂಗಿಗೆ ಆಡುತ್ತವೆ. ಎದುರಾಳಿ ಎಸೆದು ತಪ್ಪಿದ ಚೆಂಡು ಕೈಗೆ ಸಿಕ್ಕರೆ ಅದನ್ನು ರಿಂಗಿನ ಮುಂದೆ ಕಮಾನಿನಂತೆ ಬಳಿದ ಗೆರೆಯಾಚೆ ಒಯ್ದು, ಗಕ್ಕನೆ ತಿರುಗಿ, ಅದೇ ರಿಂಗಿಗೆ ಹಾಕಬೇಕು. ಬೇರೆ ಕಡೆ ಎರಡು ರಿಂಗಿನ ಪೂರ್ತಿ ಕೋರ್ಟಿಗೆ ಮ್ಯಾಚಿಗೆಂದು ಹೋದಾಗ ಮೊದಲ ಐದು ನಿಮಿಷ ಹುಡುಗಿಯರಿಗೆ ದಿಕ್ಕೇ ತೋಚುವುದಿಲ್ಲ.

ಫೆಬ್ರವರಿಯಲ್ಲಿ ನಡೆದ ಅಂತರಕಾಲೇಜು ಸೆಮಿಫೈನಲ್‌ನ ಕೊನೆಯ ಗಳಿಗೆ. ಇವರ ತಂಡ ಒಂದು ಪಾಯಿಂಟ್ ಮುಂದಿತ್ತು. ಎದುರಾಳಿಯ ಎಸೆತ ತಪ್ಪಿತು. ಎರಡನೇ ವರ್ಷದ ಸ್ಪಂದನ, ತಂಡದ ಅತ್ಯುತ್ತಮ ಆಟಗಾರ್ತಿ, ಎಲ್ಲರಿಗಿಂತ ಎತ್ತರ ಹಾರಿ ಚೆಂಡು ಹಿಡಿದಳು. ಮೈಯೆಲ್ಲ ಸುಸ್ತು, ಸುತ್ತ ಗದ್ದಲ. ಕಾಲು ತನಗೆ ಗೊತ್ತಿದ್ದ ದಾರಿ ಹಿಡಿಯಿತು. ಗೆರೆಯಾಚೆ ಹೋದಳು, ತಿರುಗಿದಳು, ಎಸೆದಳು. ಚೆಂಡು ನೇರ ಒಳಗೆ ಬಿತ್ತು, ತನ್ನದೇ ತಂಡ ಕಾಯಬೇಕಾದ ರಿಂಗಿನೊಳಗೆ. ಎರಡು ಪಾಯಿಂಟ್ ಎದುರಾಳಿಗೆ ಹೋಯಿತು, ಪಂದ್ಯವೂ ಹೋಯಿತು. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಊರೆಲ್ಲ ಹರಿದಾಡಿತು. ಅಂದಿನಿಂದ ಸ್ಪಂದನ ಪ್ರಾಕ್ಟೀಸಿಗೆ ಬಂದಿಲ್ಲ.

"ನಗೋರು ನಗ್ಲಿ. ನಾನು ಹೇಳ್ಕೊಟ್ಟಿದ್ದನ್ನ ಒಂಚೂರೂ ತಪ್ಪಿಲ್ದೆ ಮಾಡಿದ್ಲು ಅವಳು" ಎನ್ನುತ್ತಾರೆ ಜಲಜಾ. ಹುಡುಗಿಯರು ಆಡುತ್ತಿದ್ದರೂ ಅವರ ಕಣ್ಣು ಗೇಟಿನ ಕಡೆಗೇ. ಹೊರಗೆ ಸ್ಕೂಟಿಯ ಸದ್ದಾದರೆ ಸ್ಪಂದನಳೇ ಬಂದಳೇನೋ ಎಂದು ಸೀಟಿ ಊದುವುದನ್ನೂ ಮರೆಯುತ್ತಾರೆ. ಅವಳಿಲ್ಲದೆ ಅಂಗಳ ಬಿಕೋ ಅನ್ನುತ್ತದೆ ಎಂದು ಬಾಯಿಬಿಟ್ಟೇ ಹೇಳುತ್ತಾರೆ.

ವಾರಕ್ಕೊಮ್ಮೆ ನಂದಿನಿ ಲೇಔಟ್‌ನ ಅವಳ ಮನೆಗೆ ಹೋಗುತ್ತಾರೆ. ಅಜ್ಜಿ ಲಕ್ಷ್ಮಿದೇವಮ್ಮ ಕಾಫಿ ಕೊಟ್ಟು, "ಮಲಗವ್ಳೆ ಕಣಮ್ಮ" ಎಂದು ಮೊಮ್ಮಗಳ ಕೋಣೆಯ ಬಾಗಿಲು ನೋಡುತ್ತಾರೆ. ಮಲಗಿಲ್ಲವೆಂದು ಇಬ್ಬರಿಗೂ ಗೊತ್ತು. ಮೊನ್ನೆ ಹೋದಾಗ ಜಲಜಾ ಲೋಟ ಕೆಳಗಿಟ್ಟು ಬಾಗಿಲ ಹತ್ತಿರವೇ ಹೋಗಿ ನಿಂತರು.

"ಸ್ಪಂದನ, ತಪ್ಪು ನಿಂದಲ್ಲ ಕಣೇ. ನಾನು ನಿಂಗೆ ಅರ್ಧ ಆಟಾನೇ ಕಲಿಸಿದ್ದು. ವಿಜಯನಗರದಲ್ಲಿ ಒಂದು ಕೋರ್ಟ್ ಕೇಳ್ಕೊಂಡಿದೀನಿ, ಭಾನುವಾರ ಬೆಳಗ್ಗೆ ಬಿಟ್ಕೊಡ್ತಾರಂತೆ. ಉಳಿದಿದ್ದನ್ನ ಅಲ್ಲಿ ಕಲಿಸ್ತೀನಿ, ಬಾ."

ಆಮೇಲೆ ಒಳಗಿನಿಂದ ಸ್ಪಂದನಳ ದನಿ ಬಂತು. "ಆ ಕಡೆನೂ ರಿಂಗ್ ಇದ್ಯಾ ಮೇಡಂ?"

"ಇದೆ ಕಣಮ್ಮ."

ಬರುತ್ತೇನೆಂದು ಅವಳು ಹೇಳಲಿಲ್ಲ, ಬಾಗಿಲೂ ತೆರೆಯಲಿಲ್ಲ. ನಾಳೆ ಭಾನುವಾರ. ನಿಮಗೇನು ಬೇಕು ಎಂದು ನಾನು ಕೇಳಿದರೆ ಜಲಜಾ ಪ್ರಶಸ್ತಿಯನ್ನೂ ಹೇಳುವುದಿಲ್ಲ, ಕಾಯಂ ನೌಕರಿಯನ್ನೂ ಹೇಳುವುದಿಲ್ಲ. ಚೆಂಡನ್ನು ಸೊಂಟಕ್ಕೆ ಒತ್ತಿ ಹಿಡಿದು, ಸಾಲಾಗಿ ನಿಂತ ಸ್ಕೂಟರುಗಳ ಆಚೆ ದಿಟ್ಟಿಸುತ್ತಾರೆ.

"ಕಪ್ ಗಿಪ್ ಬಿಡಿ ಸಾರ್. ಅವಳು ಬಾಲ್ ತಗೊಂಡು, ಹಿಂದಕ್ಕೆ ತಿರುಗ್ದೆ, ಆ ತುದಿವರೆಗೂ ಓಡೋದನ್ನ ಒಂದ್ಸಲ ನೋಡ್ಬೇಕು."