ಚಿಕ್ಕಮ್ಮನ ಹೊಟ್ಟೆಯಲ್ಲಿ ಉಳಿದ ಬಟ್ಟೆ

ಮೊದಲ ಸಂಬಳ ಬಂದ ದಿನ ಚಿಕ್ಕಮ್ಮನಿಗೆ ಪುಟಾಣಿ ಉಣ್ಣೆ ಟೋಪಿಯೊಂದನ್ನು ತಂದುಕೊಟ್ಟೆ. ಆಕೆಯ ಹೊಟ್ಟೆ ಮುಂದೆ ಬಂದಿತ್ತು, ಊಟ ಸೇರುತ್ತಿರಲಿಲ್ಲ, ಬೆಳಗ್ಗೆದ್ದರೆ ವಾಂತಿ. ನನ್ನ ಬುದ್ಧಿಗೆ ಅಷ್ಟು ಸಾಕಾಯಿತು. ಪಾರ್ಸೆಲ್ ಮುಟ್ಟಿಯೇ ಒಳಗೇನಿದೆ ಹೇಳಬಲ್ಲೆನೆಂದು ಕೊರಿಯರ್ ಆಫೀಸಿನಲ್ಲಿ ಕೊಚ್ಚಿಕೊಳ್ಳುತ್ತಿದ್ದವನು ನಾನು.

ಅಮ್ಮ ಹಣೆ ಚಚ್ಚಿಕೊಂಡಳು. "ಲೋ ಪೆದ್ದ, ಅವಳು ಹೋದ ತಿಂಗಳು ಆಸ್ಪತ್ರೆಗೆ ಹೋಗಿದ್ದೇ ಗರ್ಭಕೋಶ ತೆಗೆಸ್ಕೊಳ್ಳೋಕೆ ಕಣೋ!"

ಚಿಕ್ಕಮ್ಮ ನಕ್ಕಳು. ನಗುತ್ತಲೇ ಹೊಟ್ಟೆ ಹಿಡಿದುಕೊಂಡು ಕುಸಿದಳು. ಮೈ ಮುಟ್ಟಿದರೆ ಕೆಂಡ. ಅದೇ ಆಸ್ಪತ್ರೆಗೆ ಓಡಿದೆವು.

ಚಿಕ್ಕಮ್ಮ ದರ್ಜಿ. ಹಿಂದೊಮ್ಮೆ ಟೀಚರಮ್ಮನೊಬ್ಬರ ರವಿಕೆಯಲ್ಲಿ ಗುಂಡುಸೂಜಿ ಉಳಿದು ಅವರಿಗೆ ಚುಚ್ಚಿತ್ತು. ಅಂದಿನಿಂದ, ಹೊಲಿದ ಬಟ್ಟೆ ಗಿರಾಕಿಯ ಕೈ ಸೇರುವ ಮೊದಲು ಅದರ ಮೇಲೆಲ್ಲ ಅಯಸ್ಕಾಂತ ಆಡಿಸುತ್ತಾಳೆ. ಟೀಚರಮ್ಮ ಈಗಲೂ ಇವಳ ಹತ್ತಿರವೇ ಹೊಲಿಸುತ್ತಾರೆ.

ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಸುರುಳಿ ಸುತ್ತಿದ ಬಿಳಿ ಗೆರೆಯೊಂದು ಕಂಡಿತು. ಆಪರೇಷನ್ ಮಾಡಿದ ಡಾಕ್ಟರೇ ಅದನ್ನು ನೋಡಿ, ಸ್ಟೂಲ್ ಎಳೆದುಕೊಂಡು ಆಕೆಯ ಪಕ್ಕ ಕೂತರು.

"ರಕ್ತ ಒರೆಸೋ ಬಟ್ಟೆ, ಅಮ್ಮ. ನಾನೇ ಒಳಗೆ ಬಿಟ್ಟು ಹೊಲಿದುಬಿಟ್ಟಿದೀನಿ. ತಪ್ಪು ನಂದೇ. ಕೀವಾಗಿದೆ, ಇವತ್ತೇ ತೆಗೀಬೇಕು, ಇಲ್ಲಾಂದ್ರೆ ಜೀವಕ್ಕೇ ಅಪಾಯ. ನನ್ನ ಮೇಲೆ ನಂಬಿಕೆ ಹೋಗಿದ್ರೆ ಹೇಳಿ, ಬೇರೆಯವರನ್ನ ಕರೆಸ್ತೀನಿ."

"ನಂಬಿಕೆಯಂತೆ ನಂಬಿಕೆ! ಬೇರೆಯವರನ್ನೇ ಕರೆಸಿ!" ಅಮ್ಮ ಕೂಗಾಡಿದಳು. ನಾನೂ ಗಂಡಸಲ್ಲವೇ, ಗದರಿಸಲು ಎದ್ದೆ. ನರ್ಸಮ್ಮ ನನ್ನ ಮುಖ ನೋಡಿ ಕುಡಿಯಲು ನೀರು ಕೊಟ್ಟು ಕೂರಿಸಿದರು.

ಚಿಕ್ಕಮ್ಮ ಕೇಳಿದ್ದು ಒಂದೇ: "ಬಟ್ಟೆ ಅಂತೀರಿ, ಫೋಟೋದಲ್ಲಿ ಹೇಗೆ ಕಾಣ್ತು?"

ಎಕ್ಸ್‌ರೇಗೆ ಕಾಣಲೆಂದೇ ಅದರಲ್ಲೊಂದು ದಾರ ಸೇರಿಸಿರುತ್ತಾರೆ ಎಂದರು ಡಾಕ್ಟರು.

"ಆ ದಾರ ಸೇರಿಸಿದವರ ಹೊಟ್ಟೆ ತಣ್ಣಗಿರಲಿ" ಎಂದಳು ಚಿಕ್ಕಮ್ಮ. "ನೀವೇ ತೆಗೀರಿ."

ತೆಗೆದರು. ಬದುಕಿಕೊಂಡಳು. ನಾನು ತಂದ ಟೋಪಿಗೆ ಹತ್ತಿ ತುಂಬಿ ಗುಂಡುಸೂಜಿ ಚುಚ್ಚಿಡಲು ಇಟ್ಟುಕೊಂಡಿದ್ದಾಳೆ. ನಾನು ತಂದದ್ದರಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಹೊಲಿಗೆ ಯಂತ್ರದ ಸದ್ದು ಕೇಳಿದಾಗಲೆಲ್ಲ, ಬಟ್ಟೆಗೆ ಆ ದಾರ ಸೇರಿಸಿದ ಕಾಣದ ನೇಕಾರರನ್ನೂ, ಮುಖಕ್ಕೆ ಮುಖ ಕೊಟ್ಟು ತಪ್ಪೊಪ್ಪಿಕೊಂಡ ಡಾಕ್ಟರನ್ನೂ ನೆನೆಯುತ್ತೇನೆ. ಅವರಲ್ಲೊಬ್ಬರು ಇಲ್ಲದಿದ್ದರೂ ಈ ಸದ್ದು ಇರುತ್ತಿರಲಿಲ್ಲ.

ಮೊನ್ನೆ ನಾನು ತೊಟ್ಟಿದ್ದ ಹೊಸ ಅಂಗಿಯ ತೋಳನ್ನು ಚಿಕ್ಕಮ್ಮ ಸರಿಮಾಡುತ್ತಿದ್ದಾಗ ತಡೆಯಲಾರದೆ ಕೇಳಿದೆ: "ಅಲ್ಲ ಚಿಕ್ಕಮ್ಮ, ಬಟ್ಟೆ ಒಳಗೆ ಬಿಟ್ಟವರ ಕೈಗೇ ಮತ್ತೆ ಹೊಟ್ಟೆ ಕೊಟ್ಟೆಯಲ್ಲ, ಭಯ ಆಗ್ಲಿಲ್ವಾ?"

ದಾರವನ್ನು ಹಲ್ಲಿನಲ್ಲಿ ಕಡಿದಳು. "ಭಯ ಆಯ್ತು ಕಣೋ. ಆದ್ರೆ ಟೀಚರಮ್ಮಂಗೆ ಚುಚ್ಚಿದ ಮೇಲೆ ನಾನು ಹೊಲಿದ ಬಟ್ಟೇಲಿ ಇನ್ನೊಂದು ಸೂಜಿ ಉಳಿದಿದ್ಯೇನೋ? ಸುಮ್ನೆ ತೋಳು ನೆಟ್ಟಗೆ ಹಿಡಿ."